ಒಂದು ಡಿಶ್, ಮೂರು ಟಿವಿ: ನನ್ನ ಅನುಭವ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯಲ್ಲಿ ಕೆಳಗೆ ಅಮ್ಮ, ಮೇಲೆ ಒಂದು ಪಾಲಿನಲ್ಲಿ ನಾವು, ಇನ್ನೊಂದರಲ್ಲಿ ತಮ್ಮನ ಸಂಸಾರ. ಟಿವಿ ಮೂರು, ತಾರಸಿಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಡಿಶ್ ಒಂದೇ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲವಾದ್ದರಿಂದ ಟಿವಿಗೊಂದು ಸೆಟ್‌ಟಾಪ್ ಬಾಕ್ಸ್ ಕೊಂಡು, ಸಿಗ್ನಲನ್ನು ಸ್ಪ್ಲಿಟರಿನಿಂದ ಹಂಚಿದರಾಯಿತು ಎಂದುಕೊಂಡೆ. ಅದಕ್ಕೆ ಎರಡು ಭಾನುವಾರಗಳು ಹಿಡಿದವು.

ಮೊದಲು ಕೈಗೆ ಸಿಕ್ಕಿದ್ದು ಹಳೆಯ ಕೇಬಲ್ ಟಿವಿಯ ಸ್ಪ್ಲಿಟರ್. ಅದನ್ನು ಜೋಡಿಸಿದಾಗ ಮೂರು ಪರದೆಗಳೂ ಖಾಲಿ. ಅದರ ಮೈಮೇಲೆ 5–1000 ಮೆಗಾಹರ್ಟ್ಸ್ ಎಂದು ಬರೆದದ್ದನ್ನು ನಾನು ಓದಿರಲಿಲ್ಲ. ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗದಿಂದ ಇಳಿದು ಬರುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್ ನಡುವಿನದು. ಸಾಲದೆಂಬಂತೆ, ಎಲ್‌ಎನ್‌ಬಿ ಕೆಲಸ ಮಾಡಲು ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಬಾಕ್ಸಿನಿಂದ ಮೇಲಕ್ಕೆ ಹೋಗಬೇಕು, ಆ ಸ್ಪ್ಲಿಟರ್ ಅದಕ್ಕೂ ದಾರಿ ಕೊಟ್ಟಿರಲಿಲ್ಲ.

ಆಮೇಲೆ 2400 ಮೆಗಾಹರ್ಟ್ಸ್‌ವರೆಗಿನ, ನಾಲ್ಕು ಕವಲಿನ ಸ್ಪ್ಲಿಟರ್ ತಂದೆ. ಚಿತ್ರ ಬಂತು. ಆದರೆ ರಾತ್ರಿ ಒಂಬತ್ತೂವರೆಗೆ ಎಲ್ಲರ ಟಿವಿಯೂ ನಿಂತುಹೋಯಿತು. ಡಿಶ್ ಅಲುಗಿರಬೇಕೆಂದು ನಾನು ಟಾರ್ಚ್ ಹಿಡಿದು ತಾರಸಿ ಹತ್ತಿದ್ದೆ; ತಮ್ಮ ಕೆಳಗಿನಿಂದ, "ಅಣ್ಣಾ, ಇಳಿದು ಬಾ, ಅಮ್ಮ ಮಲಗೋಕೆ ಹೋಗ್ತಾ ಸ್ವಿಚ್ ಆರಿಸಿದ್ದಾರೆ ಅಷ್ಟೇ" ಎಂದು ಕೂಗಿದ. ನಾಲ್ಕು ಕವಲುಗಳಲ್ಲಿ ಒಂದರ ಮೂಲಕ ಮಾತ್ರ ವಿದ್ಯುತ್ತು ಹಾಯುತ್ತಿತ್ತು, ಆ ಕವಲಿಗೆ ನಾನು ಅಮ್ಮನ ಬಾಕ್ಸನ್ನೇ ಕೊಟ್ಟಿದ್ದೆ. ಎಲ್ಲ ಕವಲುಗಳಲ್ಲೂ ವಿದ್ಯುತ್ತು ಹಾಯುವ, ಒಂದು ಬಾಕ್ಸಿನದು ಇನ್ನೊಂದಕ್ಕೆ ಹಿಮ್ಮರಳದಂತೆ ಡಯೋಡ್ ಇರುವ ಸ್ಪ್ಲಿಟರ್ ಹಾಕಿದ ಮೇಲೆ ಈ ತೊಂದರೆ ತಪ್ಪಿತು. ಬಾಕ್ಸ್‌ಗಳು ಬೇರೆ ಬೇರೆ ವೋಲ್ಟೇಜ್ ಕೇಳಿದರೆ ಹೆಚ್ಚಿನದೇ ಎಲ್‌ಎನ್‌ಬಿಗೆ ತಲುಪುತ್ತದೆ, ಕಡಿಮೆ ಕೇಳಿದ ಬಾಕ್ಸಿಗೆ ತನ್ನ ಚಾನೆಲ್ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲರೂ ಒಂದೇ ಸೇವೆಯನ್ನು ನೋಡುವುದರಿಂದ ಅದು ಕಾಡಲಿಲ್ಲ. ಬಾಕ್ಸ್‌ಗಳು ಹೀಗೆ ಬೇರೆ ಬೇರೆ ವೋಲ್ಟೇಜ್ ಕೇಳುವ ಮನೆಯವರು ಎರಡು ಅಥವಾ ನಾಲ್ಕು ಔಟ್‌ಪುಟ್‌ಗಳ ಎಲ್‌ಎನ್‌ಬಿಯನ್ನೇ ಹಾಕಿಸುವುದು ಲೇಸು.

ಹಂಚಿದರೆ ಸಿಗ್ನಲ್ ಸೊರಗುವುದಿಲ್ಲವೇ ಎಂದು ಕೇಳುವವರುಂಟು. ನಾಲ್ಕು ಪಾಲಾದಾಗ ಪ್ರತಿ ಪಾಲಿಗೆ 6 ಡೆಸಿಬಲ್ ಇಳಿಯುವುದು ಲೆಕ್ಕದ ಮಾತು, ಸ್ಪ್ಲಿಟರಿನೊಳಗಿನ ನಷ್ಟ ಅದರ ಮೇಲೆ. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್ ಮೇಲ್ತುದಿಯ ಆವರ್ತನಗಳಲ್ಲಿ 100 ಮೀಟರಿಗೆ ಸುಮಾರು 30 ಡೆಸಿಬಲ್ ತಿನ್ನುತ್ತದೆ. ಆದರೂ ಬಾಕ್ಸಿನಲ್ಲಿ ಸಿಗ್ನಲ್ ಪ್ರಮಾಣ ಕುಗ್ಗಿತೇ ಹೊರತು ಗುಣಮಟ್ಟದ ಪಟ್ಟಿ ಹೆಚ್ಚು ಕದಲಲಿಲ್ಲ, ಏಕೆಂದರೆ ಎಲ್‌ಎನ್‌ಬಿ ಸಿಗ್ನಲನ್ನು ಮೊದಲೇ ಬಹಳಷ್ಟು ವರ್ಧಿಸಿ ಕಳಿಸಿರುತ್ತದೆ. ಖಾಲಿ ಉಳಿದ ನಾಲ್ಕನೆಯ ಕವಲಿಗೆ, ಸಿಗ್ನಲ್ ಪ್ರತಿಫಲಿಸದಿರಲೆಂದು, ವಿದ್ಯುತ್ತನ್ನು ತಡೆಯುವ ಬಗೆಯ 75 ಓಮ್ ಟರ್ಮಿನೇಟರ್ ಎಂಬ ಮುಚ್ಚಳ ಹಾಕಿದೆ.

ನನ್ನನ್ನು ಹೆಚ್ಚು ಕಾಡಿದ್ದು ಕೇಬಲ್ಲಿನ ತುದಿಗೆ ಹಾಕುವ ಎಫ್ ಕನೆಕ್ಟರ್. ಕೇಬಲ್ಲಿನ ಹೊರಪದರದಡಿ ಇರುವ ಹೆಣಿಗೆಯ ಜಾಲರಿಯನ್ನು ಹಿಂದಕ್ಕೆ ಮಡಚುವಾಗ ಕೂದಲೆಳೆಯಂಥ ಒಂದು ತಂತಿ ನಡುವಿನ ತಂತಿಗೆ ತಾಗಿದರೂ ಸಾಕು, ಶಾರ್ಟ್ ಆಗಿ ಎಲ್‌ಎನ್‌ಬಿಗೆ ವಿದ್ಯುತ್ತೇ ಹೋಗದು. ಈಗ ಪ್ರತಿ ತುದಿಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಬಿಗಿಯುತ್ತೇನೆ. ಸ್ಪ್ಲಿಟರನ್ನು ಮಳೆಗೆ ಸಿಗದಂತೆ ಮೆಟ್ಟಿಲ ಕೋಣೆಯೊಳಗೆ ಇಟ್ಟಿದ್ದೇನೆ. ಜೋರು ಮಳೆಗೆ ಮೂರೂ ಟಿವಿ ಒಟ್ಟಿಗೆ ನಿಂತರೆ ಮಳೆ ಕಳೆಯುವವರೆಗೆ ಸುಮ್ಮನಿರುತ್ತೇನೆ. ಒಂದೇ ನಿಂತರೆ ಮಾತ್ರ ಆ ಕೇಬಲ್ಲಿನ ಎರಡು ತುದಿಗಳನ್ನು ಬಿಚ್ಚುತ್ತೇನೆ.