ಬಾಟಲಿ ಭರ್ತಿ, ರೇಡಿಯೇಟರ್ ಖಾಲಿ

ಎಂಜಿನ್ ತಣ್ಣಗಿಡಲು ಹಾಕುವ ದ್ರವ ಕೂಲಂಟ್; ಅದರ ವಾಸನೆ ಒಮ್ಮೆ ಮೂಗಿಗೆ ಪರಿಚಯವಾದರೆ ಮತ್ತೆ ಮರೆಯುವುದಿಲ್ಲ. ಬೆಲ್ಲದ ಪಾಕ ತುಸು ತಳ ಹಿಡಿದಾಗ ಬರುವಂಥ ಸಿಹಿ ಕಮಟು ಅದು. ಪುಣೆಯಲ್ಲಿ ನಾನು ಓಡಿಸುವ 2004ರ ಪೆಟ್ರೋಲ್ ಕಾರಿನಲ್ಲಿ ಮೊದಲು ಈ ವಾಸನೆ ಬಂತು, ಟೆಂಪರೇಚರ್ ಮುಳ್ಳು ಏರತೊಡಗಿದ್ದು ಎಷ್ಟೋ ದಿನದ ಮೇಲೆ. ಸಿಂಹಗಡ ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ವಾಸನೆ ಮಾತ್ರ. ಬೆಳಗಾವಿಗೆ ಹೊರಟು ಖಂಬಾಟ್ಕಿ ಘಾಟ್ ಏರುವಾಗ ಮುಳ್ಳು ನಡುಗೆರೆ ದಾಟಿ ಕೆಂಪಿನ ಕಡೆ ಹೊರಡುತ್ತಿತ್ತು. ವಾಪಸ್ ಬರುವಾಗ ಸಾತಾರಾ ಕಡೆಯ ಗಾಡಿಗಳೆಲ್ಲ ಸುರಂಗದಲ್ಲಿ ಬರುತ್ತವೆ, ಅಂಥ ಏರು ಸಿಗುವುದಿಲ್ಲ. ಆಗ ಗಾಡಿ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ಊರಿನ ಕಡೆಯವರು, ಇಲ್ಲಿಯ ಮರಾಠಿ ಗೆಳೆಯರು, ಗ್ಯಾರೇಜಿನವರು, ಎಲ್ಲರೂ ಬಾನೆಟ್ ಎತ್ತಿ ಮೊದಲು ನೋಡಿದ್ದು ಹೆಚ್ಚುವರಿ ಕೂಲಂಟ್ ನಿಲ್ಲುವ ಮೂಲೆಯ ಪ್ಲಾಸ್ಟಿಕ್ ಬಾಟಲಿಯನ್ನು. ನೀರು ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ‘ಕೂಲಂಟ್ ಭರ್ತಿ ಇದೆಯಲ್ಲ, ಥರ್ಮೋಸ್ಟಾಟ್ ಕಿತ್ತು ಹಾಕಿಬಿಡಿ’ ಎಂದರು ಒಬ್ಬರು. ಎಂಜಿನ್ ಬಿಸಿಯಾಗುವವರೆಗೆ, ಕೂಲಂಟ್ ತಣಿಯುವ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ವಾಲ್ವ್ ಅದು. ‘ರೇಡಿಯೇಟರಿಗೆ ಒಂದು ಮುಷ್ಟಿ ಅರಿಶಿನ ಹಾಕಿ, ಸೋರಿಕೆ ಇದ್ದರೆ ಮುಚ್ಚಿಕೊಳ್ಳುತ್ತದೆ’ ಎಂದರು ಇನ್ನೊಬ್ಬರು. ಲಾರಿಯವರ ಕಾಲದಿಂದ ಬಂದ ಆ ಉಪಾಯಕ್ಕೆ ನನ್ನ ವಿರೋಧವಿದೆ. ಅರಿಶಿನ ಸೋರುವ ತೂತನ್ನಷ್ಟೇ ಹುಡುಕಿಕೊಂಡು ಹೋಗಿ ಕೂರುವುದಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಹೀಟರಿನ ಕೋರ್ ಎಂಬ ಪುಟ್ಟ ರೇಡಿಯೇಟರಿನಲ್ಲೂ ಕೂರುತ್ತದೆ. ನಾಳೆ ಘಾಟಿನ ನಡುವೆ ಪ್ರಾಣ ಉಳಿಸಬಹುದು, ನಾಡಿದ್ದು ಇಡೀ ರೇಡಿಯೇಟರನ್ನೇ ಕಟ್ಟಿಹಾಕುತ್ತದೆ.

ನಾನು ವಾಸನೆಯಿಂದಲೇ ಶುರುಮಾಡಿದೆ. ಕ್ಯಾಬಿನ್ನಿನೊಳಗೆ ಕೂಲಂಟ್ ನಾತ ಬಂದರೆ ಮೂಲ ಎರಡು ಕಡೆ ಇರಬಹುದು: ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್, ಇಲ್ಲವೇ ಎಂಜಿನ್ನಿನ ಕಡೆ ಎಲ್ಲೋ. ಪುಣೆಯಲ್ಲಿ ಹೀಟರ್ ಹಾಕುವವರು ಯಾರು ಎಂದು ಅದನ್ನು ಮರೆಯಬಾರದು. ನಾವು ಹಾಕದಿದ್ದರೂ ಕೋರ್ ಅಲ್ಲೇ ಇರುತ್ತದೆ, ಅದಕ್ಕೆ ಎಂಜಿನ್ನಿನಿಂದ ಹೋಸ್ ಪೈಪೂ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಸುಲಭದ ಪರೀಕ್ಷೆಯಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ, ಬ್ಲೋವರ್ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಳಗಿನ ಗಾಳಿಯೇ ತಿರುಗುವ ರೀಸರ್ಕ್ಯುಲೇಶನ್‌ಗೆ ಬದಲಿಸಿ. ಹೊರಗಾಳಿಯಲ್ಲಿ ವಾಸನೆ ಹೆಚ್ಚು, ರೀಸರ್ಕ್ಯುಲೇಶನ್ನಿನಲ್ಲಿ ಕಡಿಮೆ ಎಂದಾದರೆ ಸೋರಿಕೆ ಬಾನೆಟ್ಟಿನ ಕೆಳಗಿದೆ. ಗಾಜಿನ ಬುಡದ ಜಾಲರಿಯಿಂದ ನಾತ ಒಳಗೆ ಬರುತ್ತಿದೆ ಎಂದರ್ಥ. ರೀಸರ್ಕ್ಯುಲೇಶನ್ನಿನಲ್ಲಿ ಇನ್ನೂ ಗಾಢವಾದರೆ ಹೀಟರ್ ಕೋರ್ ಮೇಲೆ ಅನುಮಾನ ಪಡಬೇಕು. ಆಗ ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಮಂಜು ಕಟ್ಟುತ್ತದೆ, ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಕೆಳಗೆ ಹಸಿ ಸಿಗುತ್ತದೆ. ನನ್ನ ಗಾಡಿಯಲ್ಲಿ ಮ್ಯಾಟಿನಡಿ ಒಣಗಿತ್ತು, ಗಾಜು ಸ್ವಚ್ಛ, ಬಟನ್ ಒತ್ತಿದ ಕೂಡಲೇ ವಾಸನೆ ತಗ್ಗುತ್ತಿತ್ತು. ಸೋರುವ ಜಾಗ ಮುಂದೆಯೇ ಇದೆ ಎಂದಾಯಿತು.

ಮರುದಿನ ಬೆಳಿಗ್ಗೆ, ಎಂಜಿನ್ ಪೂರಾ ತಣ್ಣಗಿದ್ದಾಗ, ರೇಡಿಯೇಟರಿನ ಕ್ಯಾಪ್ ತೆಗೆದೆ. ಬಿಸಿ ಇರುವಾಗ ಆ ಕ್ಯಾಪಿಗೆ ಕೈ ಹಾಕಲೇಬಾರದು, ಚಿಮ್ಮುವ ಕೂಲಂಟ್ ಮುಖ ಸುಡುತ್ತದೆ. ಬಾಟಲಿ ಭರ್ತಿ ಇತ್ತು. ರೇಡಿಯೇಟರಿನ ಕತ್ತಿನೊಳಗೆ ಟಾರ್ಚ್ ಬಿಟ್ಟರೆ ನೀರೇ ಕಾಣಲಿಲ್ಲ, ಕೊಳವೆಗಳ ಬಾಯಿ ಒಣಗಿ ಕಂಡವು.

ಇಡೀ ಸಮಸ್ಯೆಯ ಗುಟ್ಟು ಇಲ್ಲೇ ಇತ್ತು. ಎಂಜಿನ್ ಬಿಸಿಯಾದಾಗ ಕೂಲಂಟ್ ಹಿಗ್ಗುತ್ತದೆ, ಒತ್ತಡ ಏರುತ್ತದೆ. ನನ್ನ ಕ್ಯಾಪಿನ ಮೇಲೆ 0.9 ಎಂದು ಅಚ್ಚೊತ್ತಿದೆ. ಅಂದರೆ ಹೊರಗಿನ ಗಾಳಿಗಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡಕ್ಕೆ ಅದರ ಸ್ಪ್ರಿಂಗ್ ಎದ್ದು, ಹೆಚ್ಚಾದದ್ದು ಬಾಟಲಿಗೆ ಹೋಗುತ್ತದೆ. ರಾತ್ರಿ ಎಂಜಿನ್ ತಣ್ಣಗಾದಾಗ ಒಳಗೆ ನಿರ್ವಾತ ಉಂಟಾಗಿ, ಕ್ಯಾಪಿನ ನಡುವಿನ ಪುಟ್ಟ ವಾಲ್ವ್ ತೆರೆದು, ಬಾಟಲಿಯ ಕೂಲಂಟ್ ಮರಳಿ ರೇಡಿಯೇಟರಿಗೆ ಎಳೆದುಕೊಳ್ಳುತ್ತದೆ. ಎಲ್ಲಾದರೂ ಸಣ್ಣ ಸೀಳಿದ್ದರೆ ತಣ್ಣಗಾಗುವಾಗ ಆ ಸೀಳಿನಿಂದಲೇ ಗಾಳಿ ಒಳಬರುತ್ತದೆ, ಬಾಟಲಿಯಿಂದ ಎಳೆಯುವ ಬಲವೇ ಉಳಿಯುವುದಿಲ್ಲ. ಬಿಸಿಯಲ್ಲಿ ಸೋರುತ್ತದೆ, ತಣ್ಣಗಾದಾಗ ಗಾಳಿ ಕುಡಿಯುತ್ತದೆ, ಬಾಟಲಿಯ ಗೆರೆ ಮಾತ್ರ ಅಲ್ಲಾಡುವುದಿಲ್ಲ. ಕ್ಯಾಪಿನ ನಡುವಿನ ವಾಲ್ವ್ ಅಂಟಿಕೊಂಡರೂ ಬಾಟಲಿಗೆ ಹೋದದ್ದು ಹಿಂದಿರುಗುವುದಿಲ್ಲ. ಹಳೆಯ ಗಾಡಿಯಲ್ಲಿ ಬಾಟಲಿ ನೋಡಿ ಸಮಾಧಾನಪಡುವವರಿಗೆ ಈ ಒಂದು ಮಾತನ್ನು ನಾನು ಕೂತು ತಿಳಿಸಿ ಹೇಳುತ್ತೇನೆ.

ಮುಳ್ಳಿನ ವಿಷಯವೂ ಹೀಗೇ. ಡ್ಯಾಶ್‌ಬೋರ್ಡಿಗೆ ಸುದ್ದಿ ಕೊಡುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಮಟ್ಟ ಇಳಿದು ಅದರ ಸುತ್ತ ಗಾಳಿಯೋ ಆವಿಯೋ ತುಂಬಿಕೊಂಡರೆ, ಒಳಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕಾದು ಕೆಂಡವಾಗಿದ್ದರೂ ಮುಳ್ಳು ನಡುಗೆರೆಯಲ್ಲೇ ನಿಲ್ಲಬಹುದು. ಅದಕ್ಕೇ ಮೂಗಿಗೆ ಬಂದ ಸುದ್ದಿಯನ್ನು ನಾನು ಮುಳ್ಳಿಗಿಂತ ಹೆಚ್ಚು ನಂಬುತ್ತೇನೆ.

ಸೀಳು ಹುಡುಕಲು ಧನಕವಡಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರ ಕಡೆಯ ಮೆಕ್ಯಾನಿಕ್ ಬಳಿ ಹೋದೆ. ಅವರ ಹತ್ತಿರ ರೇಡಿಯೇಟರ್ ಪ್ರೆಶರ್ ಟೆಸ್ಟರ್ ಇದೆ: ಕ್ಯಾಪಿನ ಜಾಗಕ್ಕೆ ಕೂರುವ ಒಂದು ಕೈಪಂಪು, ಅದಕ್ಕೊಂದು ಮೀಟರು. ‘ಮೊದ್ಲ ನೀರು ತುಂಬಿಸೂಣು, ಆಮ್ಯಾಲ ಗಾಳಿ ಹಾಕೂಣು, ಇದು ಎಲ್ಲಿ ಅಳತದ ನೋಡೂಣು’ ಎಂದರು. ಕ್ಯಾಪಿನ ಮೇಲಿರುವ ಒತ್ತಡಕ್ಕಿಂತ ಹೆಚ್ಚು ಹಾಕಬಾರದು, ಚೆನ್ನಾಗಿರುವ ಹೋಸ್ ಕೂಡ ಬಿಟ್ಟುಕೊಳ್ಳುತ್ತದೆ. 0.9ರ ಹತ್ತಿರ ನಿಲ್ಲಿಸಿದೆವು. ಮೀಟರ್ ಕಣ್ಣೆದುರೇ ನಿಧಾನವಾಗಿ ಇಳಿಯಿತು. ಎಂಜಿನ್ ತಣ್ಣಗಿರುವಾಗಲೇ ಈ ಪರೀಕ್ಷೆ ಮಾಡುವುದರ ಲಾಭವೆಂದರೆ ಸೋರಿದ್ದು ಆವಿಯಾಗುವುದಿಲ್ಲ, ಜಾಗ ಸಿಗುತ್ತದೆ.

ಜಾಗ ಸಿಕ್ಕಿತು. ಈ ಕಾಲದ ರೇಡಿಯೇಟರಿನಲ್ಲಿ ನಡುವಿನ ಕೋರ್ ಅಲ್ಯೂಮಿನಿಯಂ, ತುದಿಯ ಟ್ಯಾಂಕ್ ಪ್ಲಾಸ್ಟಿಕ್. ಎರಡನ್ನೂ ಒಂದು ರಬ್ಬರ್ ಸೀಲ್ ಇಟ್ಟು, ಅಲ್ಯೂಮಿನಿಯಂ ಹಲ್ಲುಗಳನ್ನು ಬಗ್ಗಿಸಿ ಕಚ್ಚಿಸಿರುತ್ತಾರೆ. ಮೇಲಿನ ಟ್ಯಾಂಕಿನ ಬಲ ಮೂಲೆಯಲ್ಲಿ, ಫ್ಯಾನಿನ ಚೌಕಟ್ಟಿನ ಹಿಂದೆ, ಹಲ್ಲುಗಳ ನಡುವೆ ಬಿಳಿಹಸಿರು ಉಪ್ಪಿನಂಥ ಹೊಪ್ಪಳೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಯಿತು. ಅದರ ಕೆಳಗೆ ಕೂದಲೆಳೆಯಂಥ ಗೆರೆ. ಪಂಪು ಒತ್ತಿದಾಗಲೆಲ್ಲ ಅಲ್ಲೊಂದು ಹನಿ ಮೂಡಿ, ಉಬ್ಬಿ, ಕೋರಿನ ಮೇಲೆ ಜಾರುತ್ತಿತ್ತು. ಓಡುವಾಗ ಆ ಹನಿ ಬಿಸಿ ಕೋರಿನ ಮೇಲೆಯೇ ಆವಿಯಾಗಿ ಹೋಗುತ್ತಿದ್ದದ್ದರಿಂದ ಪಾರ್ಕಿಂಗಿನ ನೆಲದಲ್ಲಿ ಯಾವತ್ತೂ ಕಲೆ ಕಂಡಿರಲಿಲ್ಲ. ನಮಗೆ ಸಿಕ್ಕಿದ್ದು ವಾಸನೆ ಒಂದೇ.

ರೇಡಿಯೇಟರ್ ಕೊಳ್ಳುವ ಮುಂಚೆ, ಹೆಡ್ಡಿಗೂ ಅದರ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವೆ ಸೀಲಾಗಿ ಕೂರುವ ಹೆಡ್ ಗ್ಯಾಸ್ಕೆಟ್ ಬಗ್ಗೆ ಖಾತ್ರಿ ಮಾಡಿಕೊಳ್ಳಲೇಬೇಕಿತ್ತು. ಅದು ಹೋಗಿದ್ದರೆ ಹೊಸ ರೇಡಿಯೇಟರ್ ಹಾಕಿಯೂ ದುಡ್ಡು ದಂಡ. ಆಯಿಲ್ ಮುಚ್ಚಳದ ಒಳಗೆ ಹಾಲು ಕಲಸಿದಂಥ ನೊರೆ ಇರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೂಡಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗಲಿಲ್ಲ. ಕೊನೆಗೆ ನೀಲಿ ದ್ರವದ ಪರೀಕ್ಷೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ, ದಹನದ ಅನಿಲ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿಯಿತು. ಅಷ್ಟೊತ್ತು ಬಿಗಿಹಿಡಿದಿದ್ದ ನನ್ನ ಉಸಿರು ಆಗ ಸಡಿಲಾಯಿತು.

ಎ.ಸಿ. ಆಫ್ ಮಾಡಿ ಐಡಲ್‌ನಲ್ಲಿ ಬಿಟ್ಟಾಗ ಫ್ಯಾನ್ ತಾನಾಗಿಯೇ ಹಾಕಿಕೊಂಡಿತು, ಅದರಲ್ಲಿ ತೊಂದರೆಯಿಲ್ಲ. ಟ್ರಾಫಿಕ್ಕಿನಲ್ಲಿ ಮಾತ್ರ ಹೀಟಾಗಿ ಹೈವೇಯಲ್ಲಿ ಸರಿಹೋಗುವ ಗಾಡಿಯಲ್ಲಿ ಮೊದಲ ಅನುಮಾನ ಫ್ಯಾನಿನ ಮೇಲೆ. ಏರಿನಲ್ಲಿ ಹೀಟಾಗುವ ಗಾಡಿಯಲ್ಲಿ ಮಟ್ಟ, ಕಟ್ಟಿಕೊಂಡ ಕೋರ್, ಥರ್ಮೋಸ್ಟಾಟ್, ವಾಟರ್ ಪಂಪ್, ಇವುಗಳ ಮೇಲೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ತಿನ್ನುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವ ತಟ್ಟೆಯೂ ಅದರದ್ದೇ. ಅದು ಹೋದರೆ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತದೆ. ನನ್ನದನ್ನು ಬಿಚ್ಚಿ, ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಮೇಲೆ 82 ಎಂದು ಬರೆದಿತ್ತು. ಆ ಸುಮಾರಿಗೇ ಬಾಯಿ ಬಿಡಲು ಶುರುಮಾಡಿತು, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಅದನ್ನೇ ಮರಳಿ ಕೂರಿಸಿದೆವು.

ಬಿರುಕಿಗೆ ಅಂಟು ಮೆತ್ತುವ ಮಾತೂ ಬಂತು. ಬಿಸಿಗೆ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ಕಿನ ಮೇಲೆ ಆ ಒತ್ತಡದಲ್ಲಿ ಅಂಟು ಬಹಳ ದಿನ ನಿಲ್ಲದು. ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಗಲ್ಲಿಯಿಂದ ಹೊಸ ರೇಡಿಯೇಟರ್, ಅದೇ 0.9ರ ಕ್ಯಾಪ್, ಮೇಲೆ ಕೆಳಗಿನ ಹೋಸ್‌ಗಳು, ಹೊಸ ಕ್ಲಾಂಪ್ ತಂದೆ. ಕ್ಯಾಪ್ ಅಗ್ಗದ ವಸ್ತು, ಅದರಲ್ಲಿ ಉಳಿತಾಯ ಬೇಡ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಬರೀ ನೀರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಎಷ್ಟೋ ಗಾಡಿಗಳ ಫ್ಯಾನ್ ಹಾಕಿಕೊಳ್ಳುವುದೂ ಅದರ ಆಸುಪಾಸಿನಲ್ಲೇ. ಕ್ಯಾಪ್ ಒತ್ತಡ ಹಿಡಿದರೆ, ಕೂಲಂಟ್ ಅರ್ಧಕ್ಕರ್ಧ ಇದ್ದರೆ, ಕುದಿಯುವ ಬಿಂದು 120 ದಾಟುತ್ತದೆ. ಘಾಟ್ ಹತ್ತಿಸುವುದು ಈ ಅಂತರವೇ.

ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು ಬರುತ್ತದೆ. ಗಡಸು ನೀರು ಹಾಕಿದರೆ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಹಾಗಾಗಿ ಒಳಗೆಲ್ಲ ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಸಮ ಬೆರೆಸಿ ತುಂಬಿಸಿದೆವು. ಹೊಸತನ್ನು ಬೇರೆ ಜಾತಿಯ ಹಳೆಯದರ ಮೇಲೆ ಸುರಿಯಬಾರದು. ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ, ಡಬ್ಬದ ಮೇಲೆ ಬರೆದದ್ದನ್ನೇ ಓದಬೇಕು. ಗಾಳಿ ತೆಗೆಯಲು ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆಯ ಎಂಜಿನ್ನಿನಲ್ಲೇ ಕ್ಯಾಪ್ ತೆರೆದು ಚಾಲೂ ಮಾಡಿದೆವು. ಗುಳ್ಳೆ ಬರುತ್ತಾ ಮಟ್ಟ ಇಳಿದಂತೆಲ್ಲ ಮೇಲಿನಿಂದ ಹಾಕುತ್ತಾ ಹೋದೆವು. ಗುಳ್ಳೆ ನಿಂತು, ಕೆಳಗಿನ ಹೋಸೂ ಬಿಸಿಯಾದ ಮೇಲೆ ಕ್ಯಾಪ್ ಮುಚ್ಚಿದೆವು. ಮರುದಿನ ತಣ್ಣಗಿದ್ದಾಗ ಬಾಟಲಿಯ ಮಟ್ಟ ಸ್ವಲ್ಪ ಇಳಿದಿತ್ತು, ರೇಡಿಯೇಟರ್ ಕತ್ತಿನವರೆಗೆ ತುಂಬಿತ್ತು. ನಿರ್ವಾತ ತನ್ನ ಕೆಲಸ ಮಾಡತೊಡಗಿತ್ತು.

ತೆಗೆದ ಹಳೆಯ ಕೂಲಂಟನ್ನು ಗಟಾರಕ್ಕೆ ಬಿಡಲು ನಾನು ಒಪ್ಪಲಿಲ್ಲ. ಅದು ಸಿಹಿ, ಬೀದಿನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ, ಮಕ್ಕಳ ಕೈಗೆ ಸಿಗದಂತೆ ಮೇಲೆ ‘ವಿಷ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಗ್ಯಾರೇಜಿನಲ್ಲಿ ಹಳೆಯ ಆಯಿಲ್ ಡ್ರಮ್ಮಿನ ಪಕ್ಕ ಬೇರೆಯಾಗಿ ಇಟ್ಟೆವು. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರಳು ಹಾಕಿ ಹೀರಿಸಿ, ಗುಡಿಸಿ ತೆಗೆದು, ಆಮೇಲೆ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆದೆವು.