ಗೀರು ಬಿದ್ದ ಮದುವೆ ಡಿವಿಡಿ ಕಂಪ್ಯೂಟರಿಗೆ ಬಂದದ್ದು

ಅಕ್ಕನ ಮದುವೆಯ ಡಿವಿಡಿಯನ್ನು ಕಾಪಿ ಮಾಡಲು ಹೋದರೆ ಸರಿಯಾಗಿ ಧಾರೆಯ ಹೊತ್ತಿಗೆ ನಿಂತುಬಿಡುತ್ತಿತ್ತು. ಡಿಸ್ಕಿಗೆ ಗೀರು ಬಿದ್ದಿತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ, ದುಂಡಗೆ ಒರೆಸಬಾರದು.

ಆಮೇಲೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ, ಹಾಳಾದ ಡಿಸ್ಕಿನಿಂದ ಡೇಟಾ ಉಳಿಸುವ ತಂತ್ರಾಂಶ ಬಳಸಿ ಇಡೀ ಡಿಸ್ಕನ್ನು ಒಂದೇ ಐಎಸ್‌ಒ ಫೈಲಾಗಿ (ಡಿಸ್ಕಿನ ತದ್ರೂಪು ನಕಲು) ಇಳಿಸಿದೆ. ಇದು ಓದಲಾಗದ ಜಾಗವನ್ನು ಹಾರಿಸಿ, ಚೆನ್ನಾಗಿರುವುದನ್ನೆಲ್ಲ ಮೊದಲು ಉಳಿಸಿಕೊಂಡು, ಕೊನೆಗೆ ಆ ಜಾಗಕ್ಕೆ ಮರಳುತ್ತದೆ. ಎಲ್ಲಿಯವರೆಗೆ ಓದಿಯಾಗಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರನ್ನೂ ಕೊಡುವುದನ್ನು ಮರೆಯಬೇಡಿ. ಅದಿದ್ದರೆ ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ನನಗೆ ದಾರಿಯಾದದ್ದು ಅದೇ: ಲ್ಯಾಪ್‌ಟಾಪ್ ಕೈಬಿಟ್ಟ ಭಾಗವನ್ನು ಹಳೆಯ ಡೆಸ್ಕ್‌ಟಾಪ್ ಓದಿತು. ಧಾರೆ ಪೂರ್ತಿ ಸಿಕ್ಕಿತು!

ನಂತರ ವಿಡಿಯೊ ಫೈಲಿನ ಬಗೆ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಅದನ್ನು ಎಂಪಿ4 ಮಾಡಿದೆ. ಸಾಲು ಬಿಟ್ಟು ಸಾಲಾಗಿ ದಾಖಲಾದ ಚಿತ್ರವನ್ನು ಒಂದುಗೂಡಿಸುವ ಡಿಇಂಟರ್‌ಲೇಸ್ ಆನ್ ಇರಲಿ, ಇಲ್ಲದಿದ್ದರೆ ಜನ ಓಡಾಡುವಲ್ಲೆಲ್ಲ ಅಡ್ಡಗೆರೆ ಕಾಣುತ್ತದೆ. ಡಿವಿಡಿಯ 576 ಸಾಲಿನ ಚಿತ್ರವನ್ನು 1080ಕ್ಕೆ ಹಿಗ್ಗಿಸಿ ಪ್ರಯೋಜನವಿಲ್ಲ. ಐಎಸ್‌ಒ ಫೈಲನ್ನು ಅಳಿಸದೆ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ.