ಬದುವಿನ ಗೊಬ್ಬರದ ಗಿಡ: ಕಡ್ಡಿ ಕೈಕೊಟ್ಟಿತು, ಬೀಜ ಹಿಡಿಯಿತು

ಶಿರಾ ಸೀಮೆಯ ನಮ್ಮ ಮೂರು ಎಕರೆ ಕೆಂಪು ಜಮೀನು ಇಳಿಜಾರಿನಲ್ಲಿದ್ದು, ಒಂದು ಜೋರು ಮಳೆ ಬಂದರೆ ಮೇಲ್ಮಣ್ಣು ಕೆಳಗಿನ ಹೊಲದವರ ಪಾಲಾಗುತ್ತಿತ್ತು. ಬದುವಿನ ಮೇಲೆ ಗ್ಲಿರಿಸೀಡಿಯಾ ಎಂಬ ಹಸಿರೆಲೆ ಗೊಬ್ಬರದ ಗಿಡ ಬೆಳೆಸುತ್ತೇನೆಂದಾಗ, ಅದರ ನೆರಳಿಗೆ ರಾಗಿ ಏಳುವುದಿಲ್ಲವೆಂದು ಅಕ್ಕಪಕ್ಕದವರೆಲ್ಲ ಹೇಳಿದರು.

ಮೊದಲ ವರ್ಷ ಐನೂರು ಕಡ್ಡಿ ತರಿಸಿ ನೆಟ್ಟೆ. ಬಾಡಿಗೆ, ಕೂಲಿ ಸೇರಿ ಏಳು ಸಾವಿರದಷ್ಟು ಖರ್ಚಾಯಿತು. ಮಳೆಗಾಲದಲ್ಲಿ ಚೆನ್ನಾಗಿಯೇ ಚಿಗುರಿದವು, ಆದರೆ ಏಪ್ರಿಲ್ ಹೊತ್ತಿಗೆ ನಾನೂರಕ್ಕೂ ಹೆಚ್ಚು ಒಣಗಿಹೋದವು. ಅಗೆದು ನೋಡಿದರೆ ತಾಯಿಬೇರೇ ಇರಲಿಲ್ಲ, ಇದ್ದ ಬೇರೆಲ್ಲ ಗೇಣು ಆಳದಲ್ಲಿಯೇ ಹರಡಿತ್ತು. ಮರುವರ್ಷ ಬೀಜ ನೆನೆಸಿ, ಪಾಲಿಥಿನ್ ಚೀಲಗಳಲ್ಲಿ ಸಸಿ ಮಾಡಿ, ಎರಡು ಹದಮಳೆ ಬಿದ್ದ ಮೇಲೆ ಬದುವಿನುದ್ದಕ್ಕೆ ಒಂದೂವರೆ ಅಡಿಗೊಂದರಂತೆ ಎರಡು ಸಾಲು ಓರೆಯಾಗಿ ನೆಟ್ಟೆ. ನೂರಕ್ಕೆ ತೊಂಬತ್ತು ಉಳಿದವು.

ಮೂರನೇ ವರ್ಷದಿಂದ ಗಿಡವನ್ನು ಮೊಣಕಾಲಿನ ಮೇಲಕ್ಕೆ ಸವರಿ, ಸೊಪ್ಪನ್ನು ಹೊಲದ ಮಣ್ಣಿಗೆ ಸೇರಿಸತೊಡಗಿದೆ. ಬಿತ್ತನೆಗೆ ಎರಡು ವಾರ ಮುಂಚೆ ಒಮ್ಮೆ, ಬೆಳೆಯ ನಡುವೆ ಒಮ್ಮೆ, ಗಿಡ ಹೂವಾಗುವ ಮುನ್ನ ಇನ್ನೊಮ್ಮೆ ಸವರುವುದರಿಂದ ನೆರಳಿನ ಪ್ರಶ್ನೆಯೇ ಏಳಲಿಲ್ಲ. ಮೊದಲ ಸಲ ಬಲಿತ ಕಡ್ಡಿಯನ್ನೂ ಸೊಪ್ಪಿನ ಜೊತೆ ಮಣ್ಣಿಗೆ ಸೇರಿಸಿದ್ದು ನನ್ನ ತಪ್ಪು: ಕುಂಟೆಗೆ ಸಿಕ್ಕಿಕೊಂಡಿದ್ದಲ್ಲದೆ, ಕಡ್ಡಿ ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ರಾಗಿ ಹಳದಿಗೆ ತಿರುಗಿತು. ಈಗ ಎಲೆ ಮತ್ತು ಎಳೆಯ ರೆಂಬೆ ಮಾತ್ರ ಹೊಲಕ್ಕೆ, ಬಲಿತದ್ದು ಒಲೆಗೆ.

ಒಂದು ಮಡಿಗೆ ಹೊಂಗೆ ಸೊಪ್ಪು ಹಾಕಿ ಹೋಲಿಸಿ ನೋಡಿದೆ. ಗ್ಲಿರಿಸೀಡಿಯಾ ಇಪ್ಪತ್ತು ದಿನದೊಳಗೆ ಕರಗಿದರೆ, ಹೊಂಗೆ ಎರಡು ತಿಂಗಳಾದರೂ ಕೈಗೆ ಸಿಗುತ್ತಿತ್ತು. ಇನ್ನೊಂದು ಬದುವಿಗೆ ಸುಬಾಬುಲ್ ಎಂಬ ಮತ್ತೊಂದು ಸೊಪ್ಪಿನ ಮರ ಹಾಕಿದ್ದೆ; ಅದರ ಬೀಜ ಉದುರಿ ಹೊಲವೆಲ್ಲ ಹುಟ್ಟಿ, ಕಿತ್ತು ಮುಗಿಸಲು ಎರಡು ವರ್ಷ ಹಿಡಿಯಿತು.

ಯೂರಿಯಾ ಬಿಟ್ಟದ್ದರಿಂದ ಉಳಿದ ಹಣ ಹೆಚ್ಚಲ್ಲ, ಚೀಲಕ್ಕೆ 270 ರೂಪಾಯಿಯಷ್ಟೇ. ರಂಜಕ ಈ ಸೊಪ್ಪಿನಲ್ಲಿ ಕಡಿಮೆಯಾದ್ದರಿಂದ, ಅದನ್ನು ಒದಗಿಸುವ ಡಿಎಪಿ ರಸಗೊಬ್ಬರವನ್ನು ಅರ್ಧಕ್ಕಿಂತ ಇಳಿಸಿಲ್ಲ. ನಿಜವಾದ ಉಳಿತಾಯ ಕೊಟ್ಟಿಗೆ ಗೊಬ್ಬರದ್ದು: ವರ್ಷಕ್ಕೆ ಆರು ಲೋಡು ಕೊಳ್ಳುತ್ತಿದ್ದವನು ಈಗ ಎರಡಕ್ಕೆ ನಿಲ್ಲಿಸಿದ್ದೇನೆ, ಲೋಡಿಗೆ ನಾಲ್ಕು ಸಾವಿರವೆಂದು ಲೆಕ್ಕ ಹಾಕಿಕೊಳ್ಳಿ. ಎಕರೆಗೆ ಏಳೆಂಟು ಕ್ವಿಂಟಲ್ ಇದ್ದ ರಾಗಿ ಹನ್ನೊಂದರ ಹತ್ತಿರ ಬರುತ್ತಿದೆ.

ಕೆಳಗಿನ ಬದುವಿನ ಒಳಮಗ್ಗುಲಲ್ಲಿ ಐದು ವರ್ಷಕ್ಕೆ ಮುಕ್ಕಾಲು ಅಡಿ ಮಣ್ಣು ನಿಂತಿದೆ. ಮೊದಲು ಬರೀ ಗರಸು ಕಾಣುತ್ತಿದ್ದ ಆ ಪಟ್ಟಿಯಲ್ಲಿ ಈ ಸಲ ಅವರೆ ಬಿತ್ತಿದ್ದೇನೆ.